ಸುಶೀಲಳ ಆಯುಧಪೂಜೆ

ಮೊದಲು ಮಸುಕಾಗಿದ್ದು ಇಂಗ್ಲಿಷಿನ ‘ಎ’ ಅಕ್ಷರ.

ನಂಜನಗೂಡಿನಲ್ಲಿ ನಾನೂ ನನ್ನ ಹೆಂಡತಿ ಸುಶೀಲಳೂ ಸೇರಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆವು. ಬೀದಿಯ ಕಡೆಗೆ ಮಷೀನುಗಳ ದೊಡ್ಡ ಹಾಲ್, ಹಿಂದುಗಡೆ ನಮ್ಮ ಎರಡು ಕೋಣೆಯ ಮನೆ. ಹುಡುಗರ ಬ್ಯಾಚು ನನ್ನದು, ಹುಡುಗಿಯರ ಬ್ಯಾಚು ಅವಳದು. ಹೆಮ್ಮರಗಾಲ, ಹೆಡತಲೆ ಕಡೆಯಿಂದ ಮೊದಲ ಬಸ್ಸಿಗೆ ಬರುವ ಹುಡುಗಿಯರು ನನ್ನನ್ನು ಕಂಡರೆ ಹೆದರುತ್ತಿದ್ದರು. ಅವಳ ಹತ್ತಿರ ಮಾತ್ರ ಮನೆಯ ಸುದ್ದಿಯನ್ನೆಲ್ಲ ಹೇಳಿಕೊಳ್ಳುತ್ತಿದ್ದರು. ನನ್ನ ನಾಲಿಗೆ ಸ್ವಲ್ಪ ಖಾರ. ಅದು ಊರಿಗೇ ಗೊತ್ತು. ನಮಗೆ ಮಕ್ಕಳಿಲ್ಲ, ಹಾಗಾಗಿ ಆ ಖಾರವನ್ನೆಲ್ಲ ಉಣ್ಣುತ್ತಿದ್ದವಳು ಅವಳೊಬ್ಬಳೇ.

ಪರೀಕ್ಷೆ ಹತ್ತಿರ ಬಂದಾಗ ಮಾದರಿ ಹಾಳೆಗಳನ್ನು ಟೈಪ್ ಮಾಡಿ ಗೋಡೆಗೆ ಅಂಟಿಸುವುದು ಅವಳ ಕೆಲಸ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆ ವರ್ಷದ ಹಾಳೆಯಲ್ಲಿ ಉಳಿದ ಅಕ್ಷರಗಳೆಲ್ಲ ಕಪ್ಪಗೆ ಬಿದ್ದು ‘ಎ’ ಮಾತ್ರ ತೆಳ್ಳಗೆ ಬಿದ್ದಿತ್ತು. ಅದನ್ನು ಹೊಡೆಯುವುದು ಎಡಗೈಯ ಕಿರುಬೆರಳು. ಹಳೆಯ ಮಷೀನಿನಲ್ಲಿ ಬೆರಳು ಮೆಲ್ಲಗೆ ಬಿದ್ದರೆ ಅಕ್ಷರವೂ ಮೆಲ್ಲಗೆ ಬೀಳುತ್ತದೆ. ಇಪ್ಪತ್ತು ವರ್ಷ ಹುಡುಗರಿಗೆ ಇದನ್ನೇ ಕಲಿಸಿದವನು ನಾನು. ಆದರೂ ತಪ್ಪು ಮಷೀನಿನದೇ ಅಂದುಕೊಂಡೆ.

ರಿಬ್ಬನ್ ಬದಲಾಯಿಸಿದೆ. ಸೀಮೆಎಣ್ಣೆಯಲ್ಲಿ ಬ್ರಶ್ ಅದ್ದಿ ಅಚ್ಚುಗಳನ್ನು ಉಜ್ಜಿದೆ. ಸ್ಪ್ರಿಂಗ್ ಬಿಗಿ ಮಾಡಿದೆ. ಅವಳನ್ನು ಕಿಟಕಿ ಪಕ್ಕದ ಮಷೀನಿಗೆ ಕೂರಿಸಿದೆ. ಅಲ್ಲೂ ಅದೇ ಕಥೆ. ಅದನ್ನೂ ಬಿಚ್ಚಿ ಹರಡಿಕೊಂಡು ಕೂತೆ.

ಕೊನೆಗೆ ಸುಶೀಲಳೇ ಕಿರುಬೆರಳನ್ನು ಬಲಗೈಯಲ್ಲಿ ಹಿಡಿದು ನೋಡಿಕೊಂಡಳು. “ಬಿಡಿ ಅತ್ಲಾಗೆ, ಆ ಮಷೀನಿಗ್ಯಾಕೆ ಹಿಂಸೆ ಕೊಡ್ತೀರ. ಬೆರಳಲ್ಲೇ ಶಕ್ತಿ ಇಲ್ಲ ಕಣ್ರೀ,” ಅಂದಳು.

ಅಷ್ಟು ದಿನವೂ ನಾನು ಸರಿಯಾಗಿದ್ದ ಮಷೀನುಗಳನ್ನು ರಿಪೇರಿ ಮಾಡುತ್ತಿದ್ದೆ.

ಮೂಳೆ ಡಾಕ್ಟರು ಕುತ್ತಿಗೆಯ ನರ ಒತ್ತಿದೆ ಎಂದರು. ಕಾಲರ್ ಕೊಟ್ಟರು. ಆ ಬೇಸಿಗೆಯೆಲ್ಲ ಕಾಲರ್ ಹಾಕಿಕೊಂಡೇ ಪಾಠ ಮಾಡಿದಳು. ಅವಳ ತವರು ಟಿ. ನರಸೀಪುರದ ಹತ್ತಿರ ಸೋಸಲೆ. ಅಲ್ಲಿಂದ ಅವಳ ತಮ್ಮ ಶಿವಣ್ಣ ಯಾರೋ ಕಾಯಿಸಿಕೊಟ್ಟ ಎಣ್ಣೆ ತಂದ. ಊರಿನವರು ನಂಜುಂಡನಿಗೆ ಉರುಳುಸೇವೆ ಹೇಳಿದರು. ಮೈ ಬಗ್ಗುತ್ತಿದ್ದಾಗಲೇ ಅದನ್ನೂ ಮಾಡಿದಳು. ನಾನು ಅವಳ ಒದ್ದೆ ಸೀರೆ ಹಿಡಿದುಕೊಂಡು ಕಪಿಲಾ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದೆ. ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸ ಒಳಕ್ಕೆ ಇಳಿದಿದ್ದನ್ನು ಅಲ್ಲಿಯೇ, ಅವಳು ಕೈ ಮುಗಿದು ನಿಂತಾಗ, ನೋಡಿದೆ. ಮುಗಿದ ಕೈಗಳ ನಡುವೆ ಸಂದಿ ಕಾಣುತ್ತಿತ್ತು.

ಮೈಸೂರಿನ ನರರೋಗದ ಡಾಕ್ಟರು ಕೈಕಾಲಿಗೆಲ್ಲ ಸೂಜಿ ಚುಚ್ಚಿ ಇ.ಎಂ.ಜಿ. ಪರೀಕ್ಷೆ ಮಾಡಿಸಿದರು. ರಿಪೋರ್ಟ್ ನೋಡಿ ನನ್ನೊಬ್ಬನನ್ನೇ ಒಳಗೆ ಕರೆದರು. ಅವಳಿಗೂ ಹೇಳಿ, ಕೈ ಅವಳದು, ಎಂದೆ. ಒಳ್ಳೆಯ ಮನುಷ್ಯ. ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಮೋಟಾರ್ ನ್ಯೂರಾನ್ ಡಿಸೀಸ್. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ. ಕೈ, ಕಾಲು, ಆಮೇಲೆ ಮಾತು, ನುಂಗುವುದು, ಕೊನೆಗೆ ಉಸಿರು. ಒಂದು ಮಾತ್ರೆ ಇದೆ, ಕೊಂಚ ನಿಧಾನ ಮಾಡಬಹುದು, ನಿಲ್ಲಿಸುವುದಿಲ್ಲ. ಇಷ್ಟು ಹೇಳಿ ನಮ್ಮ ಮುಖ ನೋಡಿ ಅವರಿಗೇ ಏನನ್ನಿಸಿತೋ, ಸಮಾಧಾನಕ್ಕೆಂದು ಇನ್ನೊಂದು ಮಾತು ಸೇರಿಸಿದರು.

“ಬುದ್ಧಿಗೆ ಏನೂ ಆಗಲ್ಲ. ಕೊನೇವರೆಗೂ ಅವರಿಗೆ ಎಲ್ಲ ಗೊತ್ತಾಗ್ತಾ ಇರುತ್ತೆ.”

ಕೊನೆಯವರೆಗೂ ಎಲ್ಲ ಗೊತ್ತಾಗುತ್ತಿರುತ್ತದೆ.

ವಾಪಸ್ಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಡಾಕ್ಟರು ಮುಚ್ಚುಮರೆ ಮಾಡದೆ ಹೇಳಿದ್ದು ಒಳ್ಳೆಯದಾಯಿತು, ಪುಣ್ಯಾತ್ಮ, ಎಂದಳು. ನನಗೆ ಮೈ ಉರಿಯಿತು. ಸಾಯುತ್ತೀಯ ಎಂದವನನ್ನು ಪುಣ್ಯಾತ್ಮ ಅನ್ನುವವಳ ಜೊತೆ ಏನು ಮಾತಾಡುವುದು?

ಅವಳು ಮೊದಲಿನಿಂದಲೂ ಹಾಗೆಯೇ. ಅವಳ ಬ್ಯಾಚಿನ ಹುಡುಗಿಯರು ಪಾಠ ಮುಗಿದ ಮೇಲೆ ಮಷೀನಿಗೆ ಕವರು ಹಾಕಿ, ಅದನ್ನು ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡೇ ಎದ್ದು ಹೋಗಬೇಕು. ಅದು ಕಬ್ಬಿಣ ಕಣೇ, ಅದಕ್ಕೇನು ಗೊತ್ತಾಗುತ್ತೆ, ಎಂದು ನಾನು ಹಂಗಿಸುತ್ತಿದ್ದೆ. ಅದಕ್ಕೆ ಗೊತ್ತಾಗದಿದ್ದರೆ ಬೇಡ, ನಮಗೆ ಗೊತ್ತಿರಲಿ, ಅನ್ನುತ್ತಿದ್ದಳು. ಅಡುಗೆಮನೆಯ ಒರಳಿಗೂ ಅದೇ ಮರ್ಯಾದೆ, ಬಾಗಿಲ ಮೂಲೆಯ ಪೊರಕೆಗೂ ಅದೇ ಮರ್ಯಾದೆ.

ದಸರಾ ಬಂತೆಂದರೆ ಮುಗಿಯಿತು. ಆಯುಧಪೂಜೆಯ ದಿನ ಮನೆಯಲ್ಲಿ ಕುಂಕುಮವಿಲ್ಲದ ಸಾಮಾನು ಸಿಗುತ್ತಿರಲಿಲ್ಲ. ಆದರೆ ಅದಕ್ಕೂ ಅವಳದೊಂದು ಲೆಕ್ಕವಿತ್ತು. ಪೂಜೆ ಮಾಡಿದ್ದು ಇನ್ನೊಂದು ವರ್ಷ ದುಡಿಯಬೇಕು, ದುಡಿಯುವ ಹಾಗೆ ನಾವು ನೋಡಿಕೊಳ್ಳಬೇಕು. ಒಂದು ವರ್ಷ ಮೂಲೆಯ ಹಳೆಯ ಮಷೀನಿನ ಕಾಗದ ಸರಿಸುವ ಕ್ಯಾರೇಜು ಎಷ್ಟು ಸರಿ ಮಾಡಿದರೂ ಮುಂದೆ ಹೋಗುತ್ತಿರಲಿಲ್ಲ. ನಾನು ಅದಕ್ಕೂ ಹೂ ಹಾಕಲು ಹೋದೆ. ಅವಳು ಕೈ ಹಿಡಿದಳು. “ಅದಕ್ಕೆ ಸಾಕಾಗಿದೆ ಕಣ್ರೀ. ಕುಂಕುಮ ಇಟ್ಟು ಮತ್ತೆ ಯಾಕೆ ಕಟ್ಟಿಹಾಕ್ತೀರ?” ಎಂದಳು. ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಅಷ್ಟೆ. ಹಬ್ಬ ಕಳೆದ ಮೇಲೆ ಅದು ಗುಜರಿಗೆ ಹೋಯಿತು.

ಕಾಯಿಲೆ ತನ್ನ ಪಾಡಿಗೆ ಮೇಲೇರಿತು. ಎಡಗೈ ಹೋಯಿತು. ಬಲಗೈ ಹೋಯಿತು. ಜಡೆ ಹಾಕುವುದನ್ನು ನಾನು ಕಲಿತೆ, ಕೆಟ್ಟದಾಗಿ. ಸೀರೆಯ ಬದಲು ನೈಟಿ ಬಂತು. ಕಾಲು ಎಳೆಯತೊಡಗಿ ಎರಡು ಸಲ ಬಚ್ಚಲಲ್ಲಿ ಬಿದ್ದಳು. ವೀಲ್ ಚೇರ್ ಬಂತು. ಬೆಳಿಗ್ಗೆ ಎದ್ದು ಅವಳ ಬಾಯಿ ತೊಳೆಸಿ, ಮೈ ಒರೆಸಿ, ಗಂಜಿ ಕುಡಿಸಿ, ಆಮೇಲೆ ಹಾಲಿನ ಬಾಗಿಲು ತೆಗೆಯುತ್ತಿದ್ದೆ. ಅಷ್ಟೊತ್ತಿಗೆ ಊರಲ್ಲಿ ಕಂಪ್ಯೂಟರ್ ಸೆಂಟರುಗಳು ಬಂದಿದ್ದವು. ಎರಡು ಬ್ಯಾಚು ಒಂದಾಯಿತು, ಅದೂ ಅರ್ಧ ಖಾಲಿ. ಸುಶೀಲ ಒಳಗೆ ಮಲಗಿದ್ದುಕೊಂಡೇ ಸದ್ದು ಕೇಳಿ, ಆ ಕಡೆಯಿಂದ ಎರಡನೆಯ ಹುಡುಗಿ ಕಿರುಬೆರಳು ಹಾಕುತ್ತಿಲ್ಲ ಎಂದು ಕೂಗಿ ಹೇಳುತ್ತಿದ್ದಳು. ಹೋಗಿ ನೋಡಿದರೆ ನಿಜವಾಗಿರುತ್ತಿತ್ತು.

ಅವಳಿಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ನಾನು ಅವಳ ಕಾಲು ತೊಳೆಯುವುದು. ಗಂಡನ ಕೈಯಲ್ಲಿ ಕಾಲು ಮುಟ್ಟಿಸಿಕೊಳ್ಳುವುದು ಅವಳ ಮಟ್ಟಿಗೆ ದೊಡ್ಡ ಪಾಪ. ಮೊದಲ ದಿನ ಅತ್ತಳು. ಆಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಕಾಲು ಒರೆಸಿ ಮುಗಿದ ಮೇಲೆ ನಾನು ಅವಳ ಬಲಗೈ ಎತ್ತಿ, ನನ್ನ ಭುಜಕ್ಕೆ ಮುಟ್ಟಿಸಿ, ಅವಳ ಕಣ್ಣಿಗೆ ಒತ್ತಬೇಕು. ಅವಳ ನಮಸ್ಕಾರವನ್ನು ಅವಳ ಪರವಾಗಿ ನಾನೇ ನನಗೆ ಮಾಡಿಕೊಳ್ಳಬೇಕು. ಇದೆಂಥ ನಾಟಕ ಎಂದು ಎಷ್ಟೋ ದಿನ ರೇಗಿದೆ. ಆದರೆ ಬಿಟ್ಟರೆ ಅವಳು ಗಂಜಿ ಕುಡಿಯುತ್ತಿರಲಿಲ್ಲ.

ನೋಡಲು ಬಂದವರು ಸುಮ್ಮನೆ ಹೋಗುತ್ತಿರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಸಂಬಂಧಿಕರೊಬ್ಬರು ಮೈಸೂರಿನಲ್ಲಿ ಯಾವುದೋ ಶಿಬಿರಕ್ಕೆ ಹೋಗಿ ಬಂದಿದ್ದರು. ಬೆಳಿಗ್ಗೆ ಎದ್ದ ಕೂಡಲೆ ಮೂರು ವಿಷಯಕ್ಕೆ ಕೃತಜ್ಞತೆ ಹೇಳಿಕೊಳ್ಳಬೇಕು, ಆಗ ರೋಗವೂ ಸೋಲುತ್ತದೆ ಎಂದು ಅವಳ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಬೋಧಿಸಿದರು. ಕಾಲ ಮೇಲೆ ಕಾಲು ಹಾಕಿಕೊಂಡು, ಕಾಫಿ ಲೋಟ ತಾವೇ ಎತ್ತಿ ಕುಡಿಯುತ್ತ. ನನ್ನ ಬಾಯಿಗೆ ಬಂದದ್ದು ಇಲ್ಲಿ ಬರೆಯುವಂಥದ್ದಲ್ಲ. ಅದು ಹೊರಗೆ ಬೀಳುವ ಮೊದಲೇ ಸುಶೀಲ ತೊದಲುತ್ತ ಹೇಳಿದಳು, “ಇವತ್ತು ಹೇಳಿದ್ದಾಯ್ತು. ಮೂಗಿನ ಮೇಲೆ ಸೊಳ್ಳೆ ಕೂತಿತ್ತು. ಇವರು ಬಂದು ಹೊಡೆದ್ರು.”

ಅವಳು ತಮಾಷೆ ಮಾಡಿರಲಿಲ್ಲ. ಆ ಕಾಯಿಲೆಯಲ್ಲಿ ಕೈ ಎತ್ತಲು ಆಗುವುದಿಲ್ಲವೇ ಹೊರತು ನವೆ, ನೋವು, ಸೊಳ್ಳೆ ಕಚ್ಚಿದ್ದು ಎಲ್ಲ ಗೊತ್ತಾಗುತ್ತದೆ. ಅವರು ಲೋಟ ಕೆಳಗಿಟ್ಟು ಹೊರಟರು. ಅವಳ ಬಾಯಿಂದ ನಾನು ಕೇಳಿದ ಕೊನೆಯ ಪೂರ್ತಿ ವಾಕ್ಯಗಳಲ್ಲಿ ಅದೂ ಒಂದು.

ಆಮೇಲೆ ಮಾತು ನಿಂತಿತು. ಹೌದು ಅಂದರೆ ಕಣ್ಣು ಅಗಲಿಸಿ ಮೇಲೆ ನೋಡುವುದು, ಬೇಡ ಅಂದರೆ ಕಣ್ಣು ಮುಚ್ಚುವುದು. ನಮ್ಮ ಸಂಸಾರವೆಲ್ಲ ಈ ಎರಡರಲ್ಲಿ ನಡೆಯಿತು. ನುಂಗಲು ಆಗದೆ ಮೂಗಿಗೆ ಗಂಜಿ ಇಳಿಸುವ ರೈಲ್ಸ್ ಟ್ಯೂಬ್ ಬಂತು. ಕಫ ಎಳೆಯಲು ಸಕ್ಷನ್ ಮಷೀನು ಬಂತು. ಟೈಪ್‌ರೈಟರ್ ಬಿಚ್ಚಿ ಜೋಡಿಸುವ ನನಗೆ ಅದು ಬೇಗ ಕೈವಶವಾಯಿತು. ಅದರ ಗರಗರ ಸದ್ದಿಗೆ ಹಾಲಿನಲ್ಲಿ ಹುಡುಗಿಯರ ಬೆರಳು ನಿಲ್ಲುತ್ತಿತ್ತು.

ಗೌರಿ ಹಬ್ಬ ಕಳೆದ ಮೇಲೆ ಅವಳ ಉಸಿರು ಮೇಲೆಮೇಲೆ ಆಡತೊಡಗಿತು. ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಗಂಟಲಿಗೆ ತೂತು ಮಾಡಿ ವೆಂಟಿಲೇಟರಿಗೆ ಹಾಕಬಹುದು ಎಂದರು. ಹಾಗೆ ಮಾಡಿದರೆ ಇನ್ನಷ್ಟು ಕಾಲ ಇರಬಹುದು, ಎಷ್ಟು ಅಂತ ಹೇಳಲಾರೆ. ಆದರೆ ಒಮ್ಮೆ ಹಾಕಿದ ಮೇಲೆ ತೆಗೆಯುವುದು ಸುಲಭವಲ್ಲ. ಮಾತಾಡಿಕೊಂಡು ದಸರಾ ಮುಗಿಯುತ್ತಿದ್ದ ಹಾಗೆ ಹೇಳಿ, ಎಂದರು.

ನಾನು ಅಲ್ಲೇ ನಿರ್ಧಾರ ಮಾಡಿಬಿಟ್ಟಿದ್ದೆ. ಹಾಕಿಸುವುದೇ. ಅವಳಿಲ್ಲದ ಆ ಎರಡು ಕೋಣೆಗಳನ್ನು ನೆನೆಸಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಅವಳನ್ನು ಕೇಳಿದೆ. ಅವಳು ಕಣ್ಣು ಮೇಲೆತ್ತಲಿಲ್ಲ, ಮುಚ್ಚಲೂ ಇಲ್ಲ. ಗೋಡೆಯ ಕಡೆ ನೋಡಿದಳು. ದಿನವೂ ಕೇಳಿದೆ, ದಿನವೂ ಗೋಡೆ. ಒಪ್ಪಿಗೆ ಎಂದೇ ತಿಳಿದುಕೊಂಡೆ. ಆಯುಧಪೂಜೆಯ ಮಾರನೆಯ ದಿನ ವಿಜಯದಶಮಿ, ಅದರ ಮಾರನೆಯ ದಿನ ಹೊರಡುವುದು ಎಂದು ಶಿವಣ್ಣನಿಗೆ ಹೇಳಿಕಳಿಸಿದೆ.

ಆಯುಧಪೂಜೆಯ ಬೆಳಿಗ್ಗೆ ಶಿವಣ್ಣ ಸೋಸಲೆಯಿಂದ ಚೆಂಡುಹೂವಿನ ಮೂಟೆ, ಬೂದುಗುಂಬಳ, ಕಬ್ಬು ಹೊತ್ತು ಬಂದ. ಈ ಸಲ ಹಬ್ಬ ಬೇಡ ಎಂದಿದ್ದೆ. ಸುಶೀಲ ಕಣ್ಣು ಮುಚ್ಚಿ ಮುಚ್ಚಿ ಬೇಡ ಬೇಡ ಅಂದಿದ್ದಳು, ಅಂದರೆ ಹಬ್ಬ ಬಿಡುವುದು ಬೇಡ. ಅವಳನ್ನು ವೀಲ್ ಚೇರಿನಲ್ಲಿ ಕೂರಿಸಿ, ತಲೆ ಬೀಳದ ಹಾಗೆ ಟವೆಲು ಸುತ್ತಿ ಹಾಲಿಗೆ ತಳ್ಳಿಕೊಂಡು ಬಂದೆ. ಬ್ಯಾಚಿನ ಹುಡುಗಿಯರು ಬಂದು ಕಡಲೆಪುರಿ ತಿಂದು, ಮಷೀನು ಮುಟ್ಟಿ ಕಣ್ಣಿಗೊತ್ತಿಕೊಂಡು, ಅವಳ ಕಾಲಿಗೂ ನಮಸ್ಕಾರ ಮಾಡಿ ಹೋಗಿದ್ದರು.

ಒಂದೊಂದು ಮಷೀನಿನ ಮುಂದೆಯೂ ಕುರ್ಚಿ ನಿಲ್ಲಿಸಿದೆ. ಕಣ್ಣು ಮೇಲೆ. ಕುಂಕುಮ ಇಟ್ಟೆ, ಹೂ ಇಟ್ಟೆ. ಕಿಟಕಿ ಪಕ್ಕದ ಮಷೀನಿನ ಹತ್ತಿರ ತುಂಬ ಹೊತ್ತು ನೋಡಿದಳು. ಅದಕ್ಕೂ ಕಣ್ಣು ಮೇಲೆ. ಒರಳಿಗೆ, ಪೊರಕೆಗೆ, ನನ್ನ ಸ್ಕ್ರೂಡ್ರೈವರಿಗೆ, ಹೊರಗಿದ್ದ ಸ್ಕೂಟರಿಗೆ, ಎಲ್ಲಕ್ಕೂ ಹೌದು. ಕಳೆದ ಕೆಲವು ತಿಂಗಳಲ್ಲಿ ಅವಳ ಮುಖ ಅಷ್ಟು ಚುರುಕಾಗಿದ್ದು ನಾನು ನೋಡಿರಲಿಲ್ಲ. ಗುಣವಾಗುತ್ತಾಳೇನೋ ಎಂಬ ಹುಚ್ಚು ಆಸೆ ಒಂದು ಗಳಿಗೆ ನನಗೂ ಬಂದುಹೋಯಿತು.

ಹೂವು ಇನ್ನೂ ಉಳಿದಿತ್ತು. ಶಿವಣ್ಣ ಒಳಗಿನ ಕೋಣೆಯಿಂದ ಕೂಗಿದ. “ಬಾವ, ಈ ಕಪ ಎಳೆಯೋ ಮಿಸಿನ್ಗೂ ಒಂದ್ ಊವ ಮಡಗ್ಲಾ? ಅಕ್ಕಯ್ಯಂಗೆ ಇದೇ ಅಲ್ವಾ ಈಗ ದುಡೀತಿರೋದು.”

ಅವಳನ್ನು ಕೋಣೆಗೆ ತಳ್ಳಿಕೊಂಡು ಹೋದೆ. ಶಿವಣ್ಣ ಕೈಯಲ್ಲಿ ಹೂ ಹಿಡಿದು ನಿಂತಿದ್ದ.

ಸುಶೀಲ ಕಣ್ಣು ಮುಚ್ಚಿದಳು.

ತಪ್ಪಾಗಿ ಕೇಳಿಸಿಕೊಂಡಳೇನೋ ಎಂದು ಮತ್ತೆ ಕೇಳಿದೆ. ಮುಚ್ಚಿದಳು. ವೀಲ್ ಚೇರಿಗೆ? ಮುಚ್ಚಿದಳು. ಗಂಜಿ ಹಾಕುವ ಸಿರಿಂಜಿಗೆ? ಮುಚ್ಚಿದಳು. ಮಂಚಕ್ಕೆ? ಮುಚ್ಚಿದಳು. “ಮೈಲಿಗೆ ಅಂತವ ಇರ್ಬೇಕು, ಬುಡಿ ಬಾವ,” ಎಂದ ಶಿವಣ್ಣ. ಪಾಪ, ಅವನಿಗೆ ಗೊತ್ತಿರಲಿಲ್ಲ. ಪೊರಕೆಗೆ ಕುಂಕುಮ ಇಡುವವಳಿಗೆ ಯಾವ ಮೈಲಿಗೆ? ನನಗೆ ಆ ಕ್ಯಾರೇಜು ಕೆಟ್ಟ ಮಷೀನು ನೆನಪಾಯಿತು. ನನ್ನ ಕೈ ಹಿಡಿದ ಅವಳ ಕೈ ನೆನಪಾಯಿತು.

ಕುಂಕುಮ ಇಟ್ಟಿದ್ದು ಇನ್ನೊಂದು ವರ್ಷ ದುಡಿಯಬೇಕು.

ನಾನು ಅವಳ ಮುಂದೆ ನೆಲದ ಮೇಲೆ ಕೂತೆ. ಉಸಿರಿನ ಮಷೀನೂ ಬೇಡವಾ ಎಂದು ಕೇಳಿದೆ. ದಿನವೂ ಗೋಡೆ ನೋಡುತ್ತಿದ್ದವಳು ಈಗ ನನ್ನನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಕಣ್ಣು ಮುಚ್ಚಿದಳು. ಮುಚ್ಚಿಕೊಂಡೇ ಇದ್ದಳು, ಎಲ್ಲಿ ನಾನು ಬೇರೆ ಅರ್ಥ ಮಾಡಿಕೊಳ್ಳುತ್ತೇನೋ ಎನ್ನುವ ಹಾಗೆ.

ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಇಷ್ಟು ದಿನ ಎತ್ತಿ, ಇಳಿಸಿ, ತೊಳೆದು, ಒರೆಸಿದ್ದು ಇದನ್ನು ಕೇಳುವುದಕ್ಕಾ? ಅವಳಿಗೆ ಸಾಕಾಗಿದ್ದರೆ ಅವಳು ಹೋಗುತ್ತಾಳೆ. ಆಮೇಲೆ ನಾನು ಗುಜರಿ ಸಾಮಾನು. ಆ ಸಿಟ್ಟಿನಲ್ಲೇ, ಹಂಗಿಸುವ ನನ್ನ ಹಳೆಯ ದನಿಯಲ್ಲೇ, ಎರಡೂ ಕೈ ಅವಳ ಮುಖದ ಮುಂದೆ ಚಾಚಿದೆ.

“ಈ ಕೋಣೇಲಿ ದುಡಿಯೋದು ಇನ್ನೊಂದಿದೆ. ಇದಕ್ಕೆ?”

ಕೇಳಿದ ಕೂಡಲೆ ಹೆದರಿದೆ. ಅವಳು ಕಣ್ಣು ಮುಚ್ಚಿಕೊಂಡೇ ಇದ್ದರೆ ನನಗೂ ಬಿಡುಗಡೆ, ನಾನೂ ಅವಳ ಹಿಂದೆಯೇ ಹೊರಡಬಹುದು ಎಂಬ ಯೋಚನೆ ಒಳಗೆಲ್ಲೋ ಇತ್ತು. ಹೊಳೆ ಹತ್ತಿರದಲ್ಲೇ ಇತ್ತು. ಅವಳಿಗೆ ಅದು ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಸುಶೀಲ ಕಣ್ಣು ತೆರೆದಳು. ಎಷ್ಟಾಗುತ್ತದೋ ಅಷ್ಟು ಅಗಲಿಸಿ ಮೇಲೆ ನೋಡಿದಳು. ರೆಪ್ಪೆ ನಡುಗುತ್ತಿತ್ತು, ಇಳಿಸಲಿಲ್ಲ.

ಶಿವಣ್ಣನೇ ಮುಂದೆ ಬಂದು ಅವಳ ಎಡಗೈ ಎತ್ತಿ, ಕಿರುಬೆರಳನ್ನು ಕುಂಕುಮದ ಬಟ್ಟಲಿಗೆ ಅದ್ದಿ, ನನ್ನ ಎರಡೂ ಕೈಗೆ ಮುಟ್ಟಿಸಿದ. ಬೊಟ್ಟು ಸರಿಯಾಗಿ ಕೂರಲಿಲ್ಲ. ತೆಳ್ಳಗೆ ಬಿತ್ತು.

ವಿಜಯದಶಮಿಯ ಮಾರನೆಯ ದಿನ ಡಾಕ್ಟರಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಅವರು ಸರಿ ಎಂದರು. ಉಸಿರು ಕಟ್ಟಿದಾಗ ಹಿಂಸೆಯಾಗದಿರಲಿ ಎಂದು ಟ್ಯೂಬಿನಲ್ಲಿ ಹಾಕುವ ಔಷಧಿ ಬರೆದುಕೊಟ್ಟರು, ಶಿವಣ್ಣ ಹೋಗಿ ತಂದ. ಅವನು ಊರಿಗೆ ಹಿಂದಿರುಗಲಿಲ್ಲ, ನಮ್ಮ ಜೊತೆಯೇ ಉಳಿದ. ಕೈಯ ಕುಂಕುಮ ಆ ದಿನವೇ ತೊಳೆದುಹೋಗಿತ್ತು. ದಿನಕ್ಕೆ ಎಷ್ಟು ಸಲ ಕೈ ತೊಳೆಯಬೇಕಿತ್ತು, ಹೋಗದೆ ಏನು ಮಾಡುತ್ತದೆ?

ದೀಪಾವಳಿಯ ನೀರು ತುಂಬುವ ಹಬ್ಬದ ಬೆಳಿಗ್ಗೆ, ಬೀದಿಯಲ್ಲಿ ಎಲ್ಲರೂ ಹಂಡೆ ಉಜ್ಜುತ್ತಿದ್ದಾಗ, ಅವಳ ಉಸಿರು ಬಿಟ್ಟುಬಿಟ್ಟು ಬರತೊಡಗಿತು. ಪಕ್ಕದ ಅಂಗಡಿಯಲ್ಲಿ ಫೋನ್ ಇತ್ತು. ಸ್ಟ್ಯಾಂಡಿನಲ್ಲಿ ಟ್ಯಾಕ್ಸಿ ಇತ್ತು. ಮೈಸೂರು ದೂರವಲ್ಲ. ನನ್ನ ಕಾಲು ಬಾಗಿಲ ಕಡೆಗೇ ಓಡುತ್ತಿತ್ತು. ಶಿವಣ್ಣ ನನ್ನ ಮುಖ ನೋಡುತ್ತಿದ್ದ, ನಾನು ಹೂಂ ಅಂದರೆ ಓಡಲು ತಯಾರಾಗಿ. ಅನ್ನಲಿಲ್ಲ. ಔಷಧಿ ಹಾಕಿದೆ. ಅವಳ ಕಾಲು ತಣ್ಣಗಿತ್ತು. ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದೆ. ಅವಳ ಬಲಗೈ ಎತ್ತಿ ನನ್ನ ಭುಜಕ್ಕೆ ಮುಟ್ಟಿಸಿ ಅವಳ ಕಣ್ಣಿಗೆ ಒತ್ತಿದೆ. ಅವತ್ತು ಅವಸರ ಮಾಡಲಿಲ್ಲ.

ಕೈ ಕೆಳಗಿಳಿಸುವಾಗ ಉಸಿರು ಇರಲಿಲ್ಲ.

ಸಕ್ಷನ್ ಮಷೀನನ್ನು ಹೆಮ್ಮರಗಾಲದ ಒಂದು ಮನೆಯವರು ಅವರ ತಂದೆಗೆಂದು ಕೇಳಿ ತೆಗೆದುಕೊಂಡು ಹೋದರು. ವೀಲ್ ಚೇರೂ ಹೋಯಿತು. ಮಂಚ ಮಡಿಸಿಟ್ಟಿದ್ದೇನೆ. ಆ ನಿವೃತ್ತ ಸಂಬಂಧಿಕರು ತಿಥಿಗೆ ಬಂದಿದ್ದರು. ಬಿಡುಗಡೆಯಾಯಿತು, ಅದಕ್ಕೆ ದೇವರಿಗೆ ಕೃತಜ್ಞರಾಗಿರಬೇಕು ಎಂದರು. ಈ ಸಲ ನಾನು ರೇಗಲಿಲ್ಲ. ಒಪ್ಪಲೂ ಇಲ್ಲ. ಅವಳು ನನ್ನ ಜೊತೆ ಇದ್ದದ್ದಕ್ಕೆ ಯಾರಿಗಾದರೂ ಕೈ ಮುಗಿಯಬಹುದು, ಹೋದದ್ದಕ್ಕೆ ಮುಗಿಯಲು ನನ್ನಿಂದ ಆಗುವುದಿಲ್ಲ.

ತಿಥಿ ಕಳೆದ ಮೇಲೆ ಶಿವಣ್ಣ ಸೋಸಲೆಗೆ ಹೋದ. ಈಗ ಬ್ಯಾಚಿನಲ್ಲಿ ಉಳಿದವರು ಕೆಲವೇ ಹುಡುಗಿಯರು. ಮುಚ್ಚಿಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಗುಜರಿಯವನು ಎರಡು ಸಲ ಬಂದು ನೋಡಿಕೊಂಡು ಹೋದ. ಮುಚ್ಚುವ ಹಾಗಿಲ್ಲ. ಅಷ್ಟೂ ಮಷೀನುಗಳಿಗೆ ಅವಳು ಕಣ್ಣು ಮೇಲೆತ್ತಿದ್ದಾಳೆ. ಮನಸ್ಸು ಹೊಳೆಯ ಕಡೆ ಹೋದ ದಿನಗಳೂ ಇವೆ, ಸುಳ್ಳು ಯಾಕೆ ಹೇಳಲಿ. ಆ ದಿನ ಬೇಗ ಎದ್ದು ಹಾಲಿನ ಬಾಗಿಲು ತೆಗೆದು, ಕವರು ಸರಿಸಿ, ಎಣ್ಣೆ ಹಾಕಿ, ಹುಡುಗಿಯರು ಬರುವವರೆಗೆ ಕಾಯುತ್ತೇನೆ. ಅವರು ಹೋದ ಮೇಲೆ ಯಾರೂ ನೋಡದಾಗ ಕಿಟಕಿ ಪಕ್ಕದ ಮಷೀನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಕಬ್ಬಿಣಕ್ಕೆ ಏನೂ ಗೊತ್ತಾಗುವುದಿಲ್ಲ ಎಂದು ಈಗಲೂ ನಂಬಿದ್ದೇನೆ.

ದಸರಾ ಬರಲು ಇನ್ನೂ ತಿಂಗಳುಗಳಿವೆ. ಅವತ್ತು ಈ ಕೈಗೆ ಕುಂಕುಮ ಇಡುವವರು ಯಾರೂ ಇರುವುದಿಲ್ಲ. ಅಲ್ಲಿಯವರೆಗೆ ದುಡಿಯಬೇಕು.